ಶಿರೂರಿನಲ್ಲಿಟ್ಟ ಚೀಲ

ವಿವರಣೆಗೆ ಸಿಗದ ಇಂಥ ಅನುಭವಗಳನ್ನು ಬರೆಯುವವರ ಬಗ್ಗೆ ನನಗೆ ಮೊದಲಿನಿಂದಲೂ ಒಂದು ಬಗೆಯ ಅಸಹನೆ. ಓದುವಾಗಲೇ ಪೆನ್ಸಿಲ್ ಹಿಡಿದು ಕೂರುತ್ತಿದ್ದೆ. ನೋಡಿದ್ದು ಯಾರು, ಆಗಲೇ ಇನ್ನೊಬ್ಬರಿಗೆ ಹೇಳಿದರೋ ಅಥವಾ ವರ್ಷ ಕಳೆದ ಮೇಲೆ ನೆನಪಾಯಿತೋ, ಜೊತೆಗಿದ್ದವರು ಒಪ್ಪುತ್ತಾರೋ ಎಂದು ಅಂಚಿನಲ್ಲಿ ಗೀಚುತ್ತಿದ್ದೆ. ನಾನು ಓದಿದ್ದು ಸಂಖ್ಯಾಶಾಸ್ತ್ರ. ಕುಂದಾಪುರದ ಕಾಲೇಜೊಂದರಲ್ಲಿ ಅದನ್ನೇ ಕಲಿಸುತ್ತೇನೆ. ಮನುಷ್ಯನ ನೆನಪು ಎಷ್ಟು ಕೆಟ್ಟ ಸಾಕ್ಷಿ ಎಂಬುದರ ಮೇಲೆ ಪ್ರತಿ ವರ್ಷ ಒಂದು ಪಾಠ ಮಾಡುತ್ತೇನೆ. ಮಕ್ಕಳಿಗೆ ಅದು ಇಷ್ಟದ ಪಾಠ, ಏಕೆಂದರೆ ಪರೀಕ್ಷೆಗೆ ಬರುವುದಿಲ್ಲ.

ಈಗ ನಾನೇ ಬರೆಯಲು ಕೂತಿದ್ದೇನೆ. ಓದುವ ನೀವು ಪೆನ್ಸಿಲ್ ಹಿಡಿದಿದ್ದರೆ ಬೇಸರವಿಲ್ಲ. ನಿಮ್ಮ ಪ್ರಶ್ನೆಗಳನ್ನೆಲ್ಲ ನಾನು ಈಗಾಗಲೇ ನನಗೇ ಹಾಕಿಕೊಂಡು ಆಗಿದೆ. ಒಂದಕ್ಕೂ ನೆಟ್ಟಗಿನ ಉತ್ತರ ಸಿಕ್ಕಿಲ್ಲ. ಸಿಟ್ಟು ಬಂದಿದೆ, ಅಷ್ಟೆ.

ವಿಷಯ ಇಷ್ಟು. ಹಿಮಾಲಯದ ಆಚೆ ಮಗ್ಗುಲಿನ ಲೇಹ್ ಪಟ್ಟಣಕ್ಕೆ ನಾನು ಹೋಗಿದ್ದೇನೋ ಇಲ್ಲವೋ ಎಂಬುದು ನನಗೆ ಗೊತ್ತಿಲ್ಲ. ಹೋಗಿಲ್ಲ ಎಂದು ನನ್ನ ನೆನಪು ಹೇಳುತ್ತದೆ. ಹೋಗಿ ಬಂದಿದ್ದೀ ಎಂದು ನನ್ನನ್ನು ಬಲ್ಲವರು ಹೇಳುತ್ತಾರೆ. ಇದು ನಗುವ ವಿಷಯ ಎಂದು ನಾನೂ ಮೊದಮೊದಲು ನಕ್ಕಿದ್ದೆ.

ಲೇಹ್‌ನ ಹುಚ್ಚು ಹಿಡಿಸಿದವನು ಗಣಪ. ಬೈಂದೂರಿನ ದಾರಿಯ ನಾವುಂದ ಎಂಬ ಊರಿನವನು, ನನ್ನ ಹೈಸ್ಕೂಲಿನ ಗೆಳೆಯ. ನನ್ನ ತಂದೆ ಆಗ ಆ ಕಡೆ ಮೇಷ್ಟ್ರಾಗಿದ್ದರು. ನಮ್ಮ ಮನೆ ಬ್ರಹ್ಮಾವರಕ್ಕೆ ಹೋದದ್ದು ಆಮೇಲೆ. ಗಣಪನ ಮನೆಯವರದ್ದು ತಲೆಮಾರುಗಳಿಂದ ಮೀನಿನ ಕಸುಬು. ಅವನು ಒಂದು ಮುಚ್ಚುಗಾಡಿ ಇಟ್ಟುಕೊಂಡು ಗಂಗೊಳ್ಳಿ ಬಂದರಿನಿಂದ ಐಸ್ ಹಾಕಿದ ಮೀನು ಸಾಗಿಸುತ್ತಿದ್ದ. ಗೋವಾ, ರತ್ನಾಗಿರಿ, ಮುಂಬಯಿ ಎಂದು ಎಷ್ಟು ಓಡಿದರೂ ಎಲ್ಲ ಕಡಲ ಬದಿಯಲ್ಲೇ. ಬೈಂದೂರಿನ ರೈಲು ನಿಲ್ದಾಣದ ಹಳದಿ ಬೋರ್ಡಿನ ಕೆಳಗೆ ಸಮುದ್ರ ಮಟ್ಟದಿಂದ ಎಷ್ಟು ಎತ್ತರ ಎಂದು ಬರೆದಿರುತ್ತದಲ್ಲ, ಅದನ್ನು ತೋರಿಸಿ ತಮಾಷೆ ಮಾಡುತ್ತಿದ್ದ. "ಕಾಣ್, ಹುಟ್ಟಿದ್ ಸೊನ್ನೆಯಂಗೆ, ದುಡುದ್ ಸೊನ್ನೆಯಂಗೆ. ಸಾಯುವ ಮೊದ್ಲ್ ಒಂದ್ಸಲ ಮೇಲ್ ಹತ್ತಿ ಕಾಂಬ ಮಾರಾಯ."

ಹಳೆಯ ಕಾಲದಲ್ಲಿ ನಾಲ್ಕು ದಿಕ್ಕಿನ ವ್ಯಾಪಾರಿಗಳು ಒಂಟೆ, ಕುದುರೆ ಹೊಡೆದುಕೊಂಡು ಬಂದು ಸೇರುತ್ತಿದ್ದ ಊರು ಲೇಹ್. ಮೇಲೆ ಗುಡ್ಡದ ನೆತ್ತಿಯಲ್ಲಿ ಮಣ್ಣಿನ ಬಣ್ಣದ ಅರಮನೆ, ಕೆಳಗೆ ಇಕ್ಕಟ್ಟಾದ ಹಳೆಪೇಟೆ. ಅಂಥ ಊರಲ್ಲಿ ಮೀನು ಯಾರು ತಿನ್ನುತ್ತಾರೆ ಎಂಬುದೇ ಗಣಪನಿಗೆ ದೊಡ್ಡ ಕುತೂಹಲ.

ನಮ್ಮ ಯೋಜನೆಗೆ ಇದ್ದ ಅನುಕೂಲವೇ ಅನನುಕೂಲವೂ ಆಗಿತ್ತು. ಮಳೆಗಾಲದಲ್ಲಿ ಬೋಟುಗಳು ಕಡಲಿಗಿಳಿಯುವಂತಿಲ್ಲ. ಗಣಪನಿಗೆ ವರ್ಷಕ್ಕೆ ಸಿಗುವ ರಜೆ ಅದೊಂದೇ. ಲೇಹ್‌ಗೆ ಹೋಗಲು ಸರಿಯಾದ ಕಾಲವೂ ಅದೇ. ಆದರೆ ನನ್ನ ಕಾಲೇಜಿಗೆ ಮೌಲ್ಯಮಾಪನ, ದಾಖಲಾತಿ ಎಲ್ಲ ಬರುವುದೂ ಆಗಲೇ. ಒಂದು ವರ್ಷ ಎಲ್ಲ ಗೊತ್ತು ಮಾಡಿದ ಮೇಲೆ ನನ್ನನ್ನು ಉತ್ತರಪತ್ರಿಕೆ ತಿದ್ದಲು ಮಂಗಳೂರಿಗೆ ಹಾಕಿದರು. ಮರುವರ್ಷ ಗಣಪನ ತಂಗಿಯ ಮದುವೆಯ ದಿನ ನಾವು ಹೊರಡುವ ವಾರಕ್ಕೇ ಬಂತು. ಪ್ರತಿ ಸಲವೂ ಮೊದಲಿನಿಂದ ಶುರು. ಎತ್ತರದ ಗಾಳಿಗೆ ಯಾವ ಮಾತ್ರೆ, ಮೊದಲ ದಿನ ಏಕೆ ಮಲಗಿಯೇ ಇರಬೇಕು, ಯಾವ ಓಣಿಯಲ್ಲಿ ತಂದೂರಿ ರೊಟ್ಟಿ ಸುಡುತ್ತಾರೆ, ಅರಮನೆಗೆ ಯಾವ ಕಡೆಯಿಂದ ಹತ್ತಿದರೆ ಉಸಿರು ಕಡಿಮೆ ಕಟ್ಟುತ್ತದೆ. ಮೊಬೈಲಿನಲ್ಲಿ ಎಷ್ಟು ವೀಡಿಯೊ ನೋಡಿದೆವೋ ಲೆಕ್ಕವಿಲ್ಲ. ಕುಂದಾಪುರದ ಓಣಿಗಳಿಗಿಂತ ಲೇಹ್‌ನ ಓಣಿಗಳೇ ನನಗೆ ಹೆಚ್ಚು ಗೊತ್ತಾಗಿದ್ದವು. ಈ ಮಾತನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ. ನಾನಂತೂ ಮುಂದೆ ಇದನ್ನೇ ಹುಲ್ಲುಕಡ್ಡಿಯ ಹಾಗೆ ಹಿಡಿದುಕೊಂಡವನು.

ಮೂರನೆಯ ಸಲ ಏನೂ ಅಡ್ಡ ಬರಲಿಲ್ಲ. ಬೈಂದೂರಿನಿಂದ ದೆಹಲಿಗೆ ರೈಲು, ಅಲ್ಲಿಂದ ವಿಮಾನ. ಟಿಕೆಟ್ಟನ್ನೆಲ್ಲ ಗಣಪ ತನ್ನ ದಾಯಾದಿಯೊಬ್ಬನ ಕೈಯಲ್ಲಿ ಮಾಡಿಸಿದ. ಬ್ರಹ್ಮಾವರದ ಬಟ್ಟೆ ಅಂಗಡಿಯಲ್ಲಿ ಉಣ್ಣೆಯ ಟೋಪಿ, ಕಾಲುಚೀಲ, ಕೈಗವಸು ಕೊಂಡೆವು. ಕೇದಾರಕ್ಕೆ ಹೋಗುವವರು ಕೇಳುತ್ತಾರೆಂದು ಅಂಗಡಿಯವರು ಅಟ್ಟದ ಮೇಲೆ ಇಟ್ಟಿದ್ದ ಸರಕು. ಬೆವರು ಹರಿಯುವ ಸೆಖೆಯಲ್ಲಿ ಗಣಪ ಆ ಟೋಪಿ ಹಾಕಿಕೊಂಡು ಅಂಗಡಿಯ ಕನ್ನಡಿಯೆದುರು ನಿಂತು ತನ್ನನ್ನು ತಾನೇ ನೋಡಿ ನಕ್ಕ. ಅವನ ನಗು ವಿಚಿತ್ರ. ಮೊದಲು ಸದ್ದೇ ಇಲ್ಲ, ಹೊಟ್ಟೆ ಮಾತ್ರ ಕುಣಿಯುತ್ತದೆ. ಆಮೇಲೆ ತೊಡೆ ಬಡಿದುಕೊಂಡು ಒಮ್ಮೆಲೇ ಹೊರಗೆ ಬರುತ್ತದೆ.

ಅಡ್ಡ ಬಂದದ್ದು ಪಂಚಾಂಗ. ರೈಲಿನ ದಿನ ಅಮಾವಾಸ್ಯೆ ಎಂದು ಗಣಪನ ತಾಯಿಗೆ ಯಾರೋ ಹೇಳಿದರು. ನಾನು ಅವರನ್ನು ಚಿಕ್ಕಂದಿನಿಂದ ಅಮ್ಮ ಎಂದೇ ಕರೆಯುತ್ತೇನೆ. ಗಂಡನನ್ನು ಕಳೆದುಕೊಂಡು, ಬುಟ್ಟಿ ಹೊತ್ತು ಮೀನು ಮಾರಿ ಮಕ್ಕಳನ್ನು ಸಾಕಿದವರು. "ಅಮಾಸಿ ದಿನ ಅಷ್ಟ್ ದೂರಕ್ಕೆ ಹೊರ್ಡುದಾ? ಆತಿಲ್ಲ ಮಗಾ" ಎಂದರು. ನಾನು ವಾದಕ್ಕೆ ನಿಂತೆ. ಆ ರೈಲಿನಲ್ಲಿ ಹೋಗುವ ಸಾವಿರ ಜನರಿಗೂ ಅಮಾವಾಸ್ಯೆಯೇ ಎಂದೆ. ಗಣಪ ನನ್ನ ತೋಳು ಹಿಡಿದು ಅಂಗಳಕ್ಕೆ ಎಳೆದುಕೊಂಡು ಬಂದ. "ಹ್ವಾಯ್ ಪ್ರೊಫೆಸರ್ರೇ, ರೈಲಿಗೆ ಪಂಚಾಂಗ ಇಲ್ಲ, ಅಮ್ಮಂಗೆ ಟೈಮ್ ಟೇಬಲ್ ಇಲ್ಲ. ನಡೂಕೆ ನೀವ್ ಎಂತಕ್ ಗಂಟ್ಲ್ ಹರ್ಕಂಬುದ್? ಪ್ರಸ್ಥಾನ ಇಡುವ, ಮುಗೀತ್."

ಪ್ರಸ್ಥಾನ ಎಂದರೆ ಹೊಸಬರಿಗೆ ಹೇಳಬೇಕು. ಹೊರಡುವ ದಿನ ಒಳ್ಳೆಯದಲ್ಲದಿದ್ದರೆ, ಅದಕ್ಕಿಂತ ಮೊದಲಿನ ಒಂದು ಒಳ್ಳೆಯ ದಿನ ಪ್ರಯಾಣದ ಚೀಲವನ್ನು ಹೋಗುವ ದಿಕ್ಕಿನ ಬೇರೆ ಮನೆಯೊಂದರಲ್ಲಿ ಇಟ್ಟು ಬರುವುದು. ಇಟ್ಟರೆ ಹೊರಟಂತೆಯೇ ಲೆಕ್ಕ. ಆಮೇಲೆ ಯಾವ ದಿನ ಬೇಕಾದರೂ ಆ ಚೀಲ ಎತ್ತಿಕೊಂಡು ಮುಂದೆ ಹೋಗಬಹುದು. ನಮ್ಮದು ಬಡಗಣ ಪ್ರಯಾಣ. ಅಮ್ಮನ ತಂಗಿ ಸರೋಜ ಚಿಕ್ಕಿಯ ಮನೆ ಬೈಂದೂರಿನಿಂದಾಚೆ ಶಿರೂರಿನಲ್ಲಿತ್ತು. ಒಂದು ಗುರುವಾರ ಬೆಳಿಗ್ಗೆ ಅಮ್ಮ ದೀಪ ಹಚ್ಚಿ, ಕೈಗೆ ತೆಂಗಿನಕಾಯಿ ಕೊಟ್ಟು, ನೆರೆಯವರೆಲ್ಲ ನೋಡುತ್ತಿರುವಾಗ ನಮ್ಮನ್ನು ಕಳಿಸಿದರು. ಇಬ್ಬರ ಉಣ್ಣೆ ಬಟ್ಟೆಯೂ ಒಂದೇ ಚೀಲದಲ್ಲಿ: ಎಡಗಡೆ ನನ್ನದು, ಬಲಗಡೆ ಅವನದು. ಅದನ್ನು ಚಿಕ್ಕಿಯ ಮನೆಯ ಒಳಕೋಣೆಯಲ್ಲಿಟ್ಟು, ಊಟ ಮಾಡಿ ಬಂದೆವು. ಹೊರಟವನು ಮತ್ತೆ ಮನೆಯ ಹೊಸ್ತಿಲು ತುಳಿಯಬಾರದೆಂದು ಅಮ್ಮ ಕಟ್ಟುನಿಟ್ಟು ಮಾಡಿದ್ದರಿಂದ, ರೈಲಿನ ದಿನದವರೆಗೆ ಗಣಪ ಕುಂದಾಪುರದಲ್ಲಿ ನನ್ನ ಬಾಡಿಗೆ ಕೋಣೆಯಲ್ಲೇ ಉಳಿದ.

ಮುಂದಿನದು ನನಗೆ ನೆನಪಿರುವ ಹಾಗೆ. ಶನಿವಾರ ಮೈ ಕಾಯತೊಡಗಿತು. ಭಾನುವಾರಕ್ಕೆ ಏಳಲಾಗದ ಜ್ವರ. ಸೋಮವಾರ ರೈಲು. ಮಾಡಿನ ತಗಡಿನ ಮೇಲೆ ಮಳೆ ಹೊಡೆಯುತ್ತಿತ್ತು. ಹಣೆಯ ಮೇಲೆ ಒದ್ದೆ ಬಟ್ಟೆ. ಗಣಪ ಕೆಂಪು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಚಮಚದಲ್ಲಿ ಗಂಜಿ ಕುಡಿಸುತ್ತಿದ್ದ. ರೈಲು ಹೋಯಿತು, ವಿಮಾನ ಹೋಯಿತು. ನಾನು ಅಳುಮೋರೆ ಮಾಡಿದರೆ, ಲೇಹ್ ಎಲ್ಲಿಗೂ ಓಡಿ ಹೋಗುವುದಿಲ್ಲ ಎಂದ. ಜ್ವರ ಸ್ವಲ್ಪ ಇಳಿದ ಒಂದು ಮಧ್ಯಾಹ್ನ ಕಣ್ಣು ಬಿಟ್ಟು, ಯಾಕೆ ಹೇಳಿದೆನೋ, "ಇಲ್ಲಿ ಗಾಳಿಗೆ ಉಪ್ಪೇ ಇಲ್ಲ" ಎಂದೆ. ಗಣಪನ ಹೊಟ್ಟೆ ಕುಣಿಯತೊಡಗಿತು. ತೊಡೆ ಬಡಿದುಕೊಂಡ ರಭಸಕ್ಕೆ ಕುರ್ಚಿಯ ಕಾಲು ಜಾರಿತು. "ಹಂಗಾರೆ ನೀನ್ ಲೇಹ್ ಮುಟ್ಟಿದೆ ಮಾರಾಯ" ಎಂದ. ಆ ವಾರದಲ್ಲಿ ನನಗೆ ಇಷ್ಟು ಸ್ಪಷ್ಟವಾಗಿರುವುದು ಅದೊಂದೇ. ಉಳಿದದ್ದೆಲ್ಲ ಕಲಸಿದ ಬಣ್ಣ.

ಮರುವರ್ಷ ಮತ್ತೆ ಹೊರಡುವ ಮಾತು ಎತ್ತುವ ಮೊದಲೇ ಗಣಪ ಹೋಗಿಬಿಟ್ಟ. ಬಂದರಿನಲ್ಲಿ ಮೀನು ತುಂಬಿಸುತ್ತಿದ್ದಾಗ, ಸ್ವಲ್ಪ ಕೂರುತ್ತೇನೆ ಎಂದು ಖಾಲಿ ಬುಟ್ಟಿಯ ಮೇಲೆ ಕೂತವನು ಏಳಲಿಲ್ಲ. ಹೃದಯ. ಅದರ ಬಗ್ಗೆ ಹೆಚ್ಚು ಬರೆಯಲಾರೆ.

ಬೊಜ್ಜದ, ಅಂದರೆ ಉತ್ತರಕ್ರಿಯೆಯ, ಊಟ ಮುಗಿದು, ನೆಂಟರೆಲ್ಲ ಚದುರಿದ ಮೇಲೆ ಒಂದು ಮಧ್ಯಾಹ್ನ ಅಮ್ಮನನ್ನು ನೋಡಲು ನಾವುಂದಕ್ಕೆ ಹೋದೆ. ಅವರು ಒಳಗಿನಿಂದ ಒಂದು ಡಬ್ಬಿ ತಂದು ನನ್ನ ಮುಂದೆ ತೆರೆದರು. ಒಣಗಿದ ಜರ್ದಾಳು ಹಣ್ಣು, ಲೇಹ್ ಕಡೆಯ ಬೆಳೆ. "ತಿನ್ ಮಗಾ. ನೀವಿಬ್ರೂ ತಂದದ್ದೇ. ಅವ್ನ ಕೈಯಂಗಿಂದ್ ಅಂದೇಳಿ ಖಾಲಿ ಮಾಡ್ದೆ ಇಟ್ಕಂಡಿದೆ."

ದುಃಖದಲ್ಲಿ ಏನೋ ಕಲಸಿಕೊಂಡಿದ್ದಾರೆ ಎಂದು ನಾನು ಸುಮ್ಮನೆ ಒಂದು ಹಣ್ಣು ಬಾಯಿಗೆ ಹಾಕಿಕೊಂಡೆ. ಅವರು ಮಾತಾಡುತ್ತಲೇ ಇದ್ದರು. ಮೊದಲ ದಿನ ಮಲಗಿರಬೇಕೆಂದು ನಾನು ಹೇಳಿದರೂ ಗಣಪ ಕೇಳದೆ ಮೇಲೆ ಹತ್ತಿದನಂತೆ, ನಾನು ಬೈಯುತ್ತಾ ಹಿಂದೆ ಹೋದೆನಂತೆ. ಹೋದವನು ರೊಟ್ಟಿ ಸುಡುವ ಓಣಿಯಲ್ಲಿ ಒಂದು ಮನೆಯ ಮೆಟ್ಟಿಲ ಮೇಲೆ ಕುಸಿದೆನಂತೆ, ವಾಂತಿ ಮಾಡಿದೆನಂತೆ. ಗಣಪ ನನ್ನ ಹಣೆ ಹಿಡಿದುಕೊಂಡನಂತೆ. "ಅಷ್ಟೊತ್ತಿಗೆ ನೀನ್ ಇಲ್ಲಿ ಗಾಳಿಗೆ ಉಪ್ಪೇ ಇಲ್ಲ ಅಂದ್ಯಂಬ್ರಲೆ. ಅದನ್ನ ಹೇಳಿ ಹೇಳಿ ನೆಗಾಡಿದ ಅವ."

ನನ್ನ ಬಾಯಿಯ ಹಣ್ಣು ಅಲ್ಲೇ ನಿಂತಿತು. ಆ ಮಾತು ನನ್ನದೇ. ಆದರೆ ಅದನ್ನು ಹೇಳಿದ್ದು ಕುಂದಾಪುರದ ಕೋಣೆಯಲ್ಲಿ, ಹಾಸಿಗೆಯಲ್ಲಿ. ಗಣಪ ಮನೆಗೆ ಬಂದು ಹೇಳಿರುತ್ತಾನೆ, ಅಮ್ಮ ಅದನ್ನು ಬೇರೆಡೆ ಜೋಡಿಸಿಕೊಂಡಿದ್ದಾರೆ ಎಂದು ಅಲ್ಲೇ ಲೆಕ್ಕ ಹಾಕಿದೆ. ಅಷ್ಟರಲ್ಲಿ ಅವರು, ಆ ಮೆಟ್ಟಿಲ ಮೇಲಿದ್ದ ಕೆಂಪು ಬಾಗಿಲಿನ ಮನೆಯ ಮುದುಕಿಯೊಬ್ಬಳು ಬಿಸಿನೀರು ಕೊಟ್ಟಳಂತೆ ಎಂದರು. ಆಗ ನಾನು ಯೋಚಿಸದೆ ಕೇಳಿದೆ: "ಕೆಳಗೆ ತಗಡು ಹೊಡೆದ ಬಾಗಿಲಲ್ವಾ ಅಮ್ಮ?"

"ಹೌದ್. ಹಂಗೇ ಹೇಳಿದ್ದ" ಎಂದರು ಅವರು, ಅದರಲ್ಲಿ ಆಶ್ಚರ್ಯವೇನೂ ಇಲ್ಲದವರಂತೆ.

ಕೆಂಪು ಬಾಗಿಲಿನ ಕೆಳಗಿನ ಮೂಲೆಗೆ, ಇಲಿ ಕೊರೆದಲ್ಲಿ, ಎಣ್ಣೆ ಡಬ್ಬಿಯ ತಗಡನ್ನು ಬಿಚ್ಚಿ ಮೊಳೆ ಹೊಡೆದದ್ದು ನನ್ನ ಕಣ್ಣಿಗೆ ಕಟ್ಟಿದಂತೆ ಇತ್ತು. ಈಗಲೂ ಇದೆ. ಎಲ್ಲಿ ನೋಡಿದೆ? ಮನೆಗೆ ಬರುವ ದಾರಿಯುದ್ದಕ್ಕೂ ನನ್ನನ್ನು ನಾನೇ ಸಮಾಧಾನ ಮಾಡಿಕೊಂಡೆ. ಅಷ್ಟೊಂದು ವೀಡಿಯೊ ನೋಡಿದ್ದೆವಲ್ಲ, ಯಾವುದರಲ್ಲೋ ಆ ಬಾಗಿಲು ಇರಬೇಕು. ಗಣಪನೂ ಅದನ್ನೇ ನೋಡಿರಬೇಕು. ಸರಿ, ಹಾಗಾದರೆ ಆ ವೀಡಿಯೊ ಹುಡುಕಿದರಾಯಿತು. ಆ ಬೇಸಿಗೆ ರಜೆಯೆಲ್ಲ ಹುಡುಕಿದೆ. ಲೇಹ್‌ನ ಓಣಿಗಳ ವೀಡಿಯೊಗಳಿಗೆ ಕೊನೆಯಿಲ್ಲ. ಕೆಲವನ್ನು ಹಾಕಿದವರೇ ತೆಗೆದುಬಿಟ್ಟಿದ್ದಾರೆ. ಕೆಂಪು ಬಾಗಿಲು ಸಿಕ್ಕಿದಲ್ಲಿ ತಗಡಿಲ್ಲ, ತಗಡು ಇದ್ದಲ್ಲಿ ಬಾಗಿಲು ನೀಲಿ. ಕಣ್ಣು ಕೆಂಪಾಗಿ, ಮೊಬೈಲನ್ನು ಹಾಸಿಗೆಗೆ ಎಸೆದು ಎದ್ದುಹೋದ ದಿನಗಳೂ ಇವೆ.

ಇಷ್ಟು ದೊಡ್ಡ ಪ್ರಯಾಣ ಆಗಿದೆಯೋ ಇಲ್ಲವೋ ಎಂದು ತಿಳಿಯಲು ಈ ಕಾಲದಲ್ಲಿ ಕಷ್ಟವೇ ಎಂದು ನೀವು ಕೇಳುತ್ತೀರಿ. ನಾನೂ ಹಾಗೇ ಅಂದುಕೊಂಡೆ. ಟಿಕೆಟ್ಟು ಗಣಪನ ನಂಬರಿನಲ್ಲಿತ್ತು, ಆ ನಂಬರು ಈಗ ಇಲ್ಲ. ವಿಮಾನದವರಿಗೆ ಫೋನ್ ಮಾಡಿದರೆ, ಟಿಕೆಟ್ ಮಾಡಿದ ನಂಬರಿನಿಂದಲೇ ಕೇಳಬೇಕು ಎಂದರು. ಆ ಮನುಷ್ಯ ತೀರಿಕೊಂಡಿದ್ದಾನೆ ಎಂದೆ. ಹಾಗಾದರೆ ಅವರಿಂದ ಒಂದು ಪತ್ರ ತನ್ನಿ ಎಂದಳು ಫೋನೆತ್ತಿದ ಹುಡುಗಿ, ಬರೆದುಕೊಟ್ಟದ್ದನ್ನು ಓದುವ ದನಿಯಲ್ಲಿ. ಟಿಕೆಟ್ ಮಾಡಿಕೊಟ್ಟ ದಾಯಾದಿ ಈಗ ಕೊಲ್ಲಿ ದೇಶದಲ್ಲಿದ್ದಾನೆ. ರದ್ದು ಮಾಡು ಎಂದು ಗಣಪ ಹೇಳಿದ ನೆನಪಿಲ್ಲ, ಹೋದಿರೋ ಇಲ್ಲವೋ ತನಗೇನು ಗೊತ್ತು ಎಂದ. ಗಣಪನ ಮೊಬೈಲ್ ಅವನ ತಂಗಿಯ ಮನೆಗೆ ಹೋಗಿ, ಎಲ್ಲ ಅಳಿಸಿ, ಈಗ ಅದರಲ್ಲಿ ಮಕ್ಕಳ ಆಟಗಳಿವೆ. ನನ್ನ ಹಳೆಯ ಮೊಬೈಲ್ ಆ ಮಳೆಗಾಲದಲ್ಲೇ ನೀರು ಹೋಗಿ ಸತ್ತಿತ್ತು. ಕಾಲೇಜಿನ ರಜೆ ಹೇಗೂ ಹಾಕಿದ್ದೆ, ಜ್ವರವಾದರೂ ಅದೇ ರಜೆ, ಪ್ರಯಾಣವಾದರೂ ಅದೇ ರಜೆ. ಡಾಕ್ಟರು, ಆ ತಿಂಗಳು ಇಡೀ ಊರಿಗೆ ಜ್ವರ, ಯಾರನ್ನಂತ ನೆನಪಿಡಲಿ ಎಂದರು. ಬ್ರಹ್ಮಾವರದ ಅಕ್ಕ ಮಾತ್ರ, "ಜ್ವರವಾ? ನಂಗ್ ಯಾರೂ ಹೇಳ್ಲಿಲ್ಲ" ಎಂದು ನನಗೇ ಬೈದಳು.

ಕೊನೆಗೆ ಕೆಳಗಿನ ಮನೆಯ ವಾರಿಜಕ್ಕನನ್ನು ಕೇಳಿದೆ. ಊರಲ್ಲಿಲ್ಲದ ಮಾಲೀಕರ ಪರವಾಗಿ ಕೋಣೆಯ ಬಾಡಿಗೆ ಪಡೆಯುವವರು ಅವರೇ. "ಹೌದ್ ಮಾಷ್ಟ್ರೇ, ನೀವ್ ಮಲ್ಕಂಡೇ ಇದ್ರಿ. ಗಣಪಣ್ಣ ದಿನಾ ಗಂಜಿಗೆ ಬತ್ತಿದ್ರ್" ಎಂದರು. ನನಗೆ ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಒಬ್ಬ ಸ್ವತಂತ್ರ ಸಾಕ್ಷಿ. ವಾಪಸು ಅರ್ಧ ಮೆಟ್ಟಿಲು ಹತ್ತಿರಬಹುದು, ಅವರು ಹಿಂದಿನಿಂದ ಕೂಗಿ ಹೇಳಿದರು: "ಆ ಸೆಖೆಯಂಗೂ ಮಂಡೆಗೆ ಉಣ್ಣೆ ಟೋಪಿ ಹಾಕಂಡ್ ಬತ್ತಿದ್ರ್. ಎಂತಕೆ ಅಂದ್ರೆ ಬರೀ ನೆಗಾಡಿದ್ರ್."

ನಾನು ಅಲ್ಲೇ ನಿಂತೆ. ಟೋಪಿ ಇದ್ದದ್ದು ಚೀಲದಲ್ಲಿ. ಚೀಲ ಇದ್ದದ್ದು ಶಿರೂರಿನಲ್ಲಿ.

ಚೀಲ. ಅದನ್ನು ನಾನು ಮರೆತೇ ಬಿಟ್ಟಿದ್ದೆ. ಇದಕ್ಕಿಂತ ಒಳ್ಳೆಯ ಪುರಾವೆ ಬೇರೆ ಏನು ಬೇಕು? ನಾವು ಹೋಗದಿದ್ದರೆ ಅದು ಇಟ್ಟಲ್ಲೇ ಇಟ್ಟಂತೆ ಇರಬೇಕು. ಮರುದಿನವೇ ಬಸ್ ಹತ್ತಿದೆ. ಸರೋಜ ಚಿಕ್ಕಿ ನನ್ನನ್ನು ಕಂಡು ಗಣಪನನ್ನು ನೆನೆದು ಅತ್ತರು. ಅತ್ತು ಮುಗಿಸಿ ಕೊಟ್ಟೆ ಕಡುಬು ಬಡಿಸಿದರು. ಚೀಲದ ವಿಷಯ ಕೇಳಿದಾಗ, ಒಳಗೇ ಇದೆ, ನೀವೇ ವಾಪಸು ತಂದಿಟ್ಟದ್ದಲ್ಲವೇ ಎಂದರು. ಯಾವಾಗ ವಾಪಸು ಎಂದೆ. ಲೇಹ್‌ನಿಂದ ಬರುವಾಗ ಎಂದರು. ರೈಲಿನ ದಿನ ಬೆಳಿಗ್ಗೆ ಗಣಪ ಗಾಡಿಯಲ್ಲಿ ಬಂದು ಚೀಲ ಎತ್ತಿಕೊಂಡು ಹೋದನಂತೆ. ಮುಂದಿನ ವಾರ ಅದೇ ಗಾಡಿಯಲ್ಲಿ ಬಂದು, ಇನ್ನೊಂದು ಸಲ ಹೋಗುವುದಿದೆ, ಇಲ್ಲೇ ಇರಲಿ ಎಂದು ಇಟ್ಟನಂತೆ.

"ನಾನೂ ಇದ್ದಿದ್ನಾ ಚಿಕ್ಕಿ?"

"ಇಲ್ದೆ? ಎರ್ಡೂ ಸಲ ಗಾಡಿಯಂಗೇ ಕೂಕಂಡಿದ್ದೆ, ಶಾಲ್ ಹೊದ್ಕಂಡ್. ಕಡುಬ್ ತಿಂಬುಕೆ ಕರೆದ್ರೆ ಮಂಡೆ ಆಡ್ಸಿದೆ. ಮಾತಿಲ್ಲ ಕತೆಯಿಲ್ಲ. ಕಲ್ತವ್ರಿಗೆ ದಿಮಾಕ್ ಅಂದ್ಕಂಡೆ ನಾನ್" ಎಂದು ಚಿಕ್ಕಿ ಇನ್ನೊಂದು ಕಡುಬು ಹಾಕಿದರು.

ಒಳಕೋಣೆಯಲ್ಲಿ ಕಿಟಕಿಯ ಕೆಳಗೆ ಚೀಲ ಇತ್ತು. ನಾನೇ ಜಿಪ್ ಎಳೆದೆ. ಎಡಗಡೆ ನನ್ನ ಟೋಪಿ, ಕೈಗವಸು, ಕಾಲುಚೀಲ. ಬ್ರಹ್ಮಾವರದ ಅಂಗಡಿಯ ಚೀಟಿ ಇನ್ನೂ ದಾರದಲ್ಲಿ ನೇತಾಡುತ್ತಿತ್ತು, ಮಡಿಕೆ ಬಿಚ್ಚಿರಲಿಲ್ಲ. ನನಗೆ ಜೋರಾಗಿ ನಗಬೇಕೆನಿಸಿತು. ಹೋಗಿಲ್ಲ. ನಾನು ಹೋಗಿಲ್ಲ. ಆಮೇಲೆ ಬಲಗಡೆಯದನ್ನು ಎತ್ತಿದೆ. ಗಣಪನ ಟೋಪಿ ತಲೆಯ ಆಕಾರಕ್ಕೆ ಹಿಗ್ಗಿತ್ತು. ಒಳಗೆ ಅವನ ಎಣ್ಣೆಯ ವಾಸನೆ. ಕಾಲುಚೀಲದ ಅಡಿ ಸವೆದು, ಹಿಮ್ಮಡಿಯಲ್ಲಿ ಗಟ್ಟಿಯಾಗಿತ್ತು. ಕೊಡವಿದರೆ ನೆಲಕ್ಕೆ ತೆಳುವಾದ ಹುಡಿ ಬಿತ್ತು. ನಮ್ಮ ಕಡೆಯ ಕೆಂಪು ಮಣ್ಣಲ್ಲ, ಕಡಲ ದಂಡೆಯ ಮರಳೂ ಅಲ್ಲ. ಗೋಧಿಹಿಟ್ಟಿನಂಥ ಬಿಳಿಚು ಧೂಳು.

ಅಂದರೆ ಆ ಚೀಲದ ಪ್ರಕಾರ ನಾನು ಹೋಗಿಲ್ಲ, ಗಣಪ ಹೋಗಿದ್ದಾನೆ. ಅಮ್ಮನ ಪ್ರಕಾರ ಇಬ್ಬರೂ ಹೋಗಿದ್ದೇವೆ. ವಾರಿಜಕ್ಕನ ಪ್ರಕಾರ ಇಬ್ಬರೂ ಹೋಗಿಲ್ಲ. ನನ್ನ ಪಾಠದಲ್ಲಿ ಇಂಥ ಉದಾಹರಣೆಯನ್ನು ನಾನೇ ಕಟ್ಟಿ ಹೇಳಿದ್ದರೆ, ಸರ್ ಇದು ತೀರಾ ಅತಿಯಾಯಿತು ಎಂದು ಮಕ್ಕಳು ಹೇಳುತ್ತಿದ್ದರು.

ಸಿಟ್ಟಿನಲ್ಲೇ ಒಂದು ವಿವರಣೆ ಕಟ್ಟಿದೆ. ಕೇಳಿ, ಚೆನ್ನಾಗಿಯೇ ಇದೆ. ಇಟ್ಟ ಪ್ರಸ್ಥಾನವನ್ನು ಎತ್ತದೆ ಬಿಟ್ಟರೆ ಮನೆಗೆ ಒಳ್ಳೆಯದಲ್ಲ ಎಂದು ಅಮ್ಮ ನಂಬುತ್ತಾರೆ. ಅವರು ಹೆದರಬಾರದೆಂದು ಗಣಪ ಹೋದಂತೆ ಮಾಡಿದ. ನಾನು ಮಲಗಿದ್ದಾಗ ಶಿರೂರಿಗೆ ಹೋಗಿ ಚೀಲ ತಂದ. ಕೋಣೆಯಲ್ಲಿ ತಮಾಷೆಗೆ ಟೋಪಿ, ಕಾಲುಚೀಲ ಹಾಕಿಕೊಂಡು ಓಡಾಡಿದ. ವಾರಿಜಕ್ಕ ನೋಡಿದ್ದು ಅದನ್ನೇ. ಜರ್ದಾಳು ಉಡುಪಿಯ ಯಾವ ಅಂಗಡಿಯಲ್ಲೂ ಸಿಗುತ್ತದೆ. ವೀಡಿಯೊದಲ್ಲಿ ಕಂಡ ಓಣಿ, ನನ್ನ ಜ್ವರದ ಮಾತು, ವಾಂತಿ, ಎಲ್ಲ ಸೇರಿಸಿ ಅಮ್ಮನಿಗೊಂದು ಕತೆ ಹೇಳಿದ. ಬಿಳಿಚು ಧೂಳು ಕೋಣೆಯ ಸುಣ್ಣದ ಗೋಡೆಯದ್ದು. ಈ ವಿವರಣೆ ಸಿಕ್ಕ ಮೇಲೆ ಕೆಲವು ದಿನ ನಾನು ಸುಖವಾಗಿ ನಿದ್ದೆ ಮಾಡಿದೆ.

ಆದರೆ ಚಿಕ್ಕಿ ನೋಡಿದ ಶಾಲು ಹೊದ್ದವನು ಯಾರು? ಆ ದಿನ ನನಗೆ ಏಳಲೂ ಆಗುತ್ತಿರಲಿಲ್ಲ. ಅಥವಾ ಅಂಥ ಜ್ವರದಲ್ಲೇ ಗಣಪ ನನ್ನನ್ನು ಗಾಡಿಯಲ್ಲಿ ಕೂರಿಸಿಕೊಂಡು ಹೋದನೇ? ಒಬ್ಬನೇ ಬಿಟ್ಟು ಹೋಗಲಾರದೆ ಹಾಗೆ ಮಾಡಿರಬಹುದು. ಹಾಗಿದ್ದರೆ ಶಿರೂರಿಗೆ ಎರಡು ಸಲ ಹೋಗಿ ಬಂದದ್ದು ನನಗೆ ನೆನಪಿಲ್ಲ ಎಂದಾಯಿತು. ಅಷ್ಟು ನೆನಪಿಲ್ಲದವನಿಗೆ ಅದಕ್ಕಿಂತ ಹೆಚ್ಚಿನದ್ದು ನೆನಪಿಲ್ಲದಿರಲು ಏನು ಅಡ್ಡಿ? ಪ್ರತಿ ಸಲವೂ ನಾನು ಬಂದು ನಿಲ್ಲುವುದು ಇಲ್ಲೇ. ಕೋಣೆಯ ಗೋಡೆಗೆ ಸುಣ್ಣವಲ್ಲ, ನೀಲಿ ಪೇಂಟು ಇದೆ ಎಂಬುದನ್ನೂ ಹೇಳಿಬಿಡುತ್ತೇನೆ. ಮಾಲೀಕರು ಅದಕ್ಕೂ ಮೊದಲೇ ಹೊಡೆಸಿದ್ದರೋ ಆಮೇಲೋ, ನನಗೂ ನೆನಪಿಲ್ಲ, ವಾರಿಜಕ್ಕನಿಗೂ ಸರಿಯಾಗಿ ಹೇಳಲಾಗುತ್ತಿಲ್ಲ.

ಲೇಹ್‌ಗೇ ಹೋಗಿ ನೋಡಿದರೆ ಮುಗಿಯಿತಲ್ಲ ಎನ್ನುತ್ತಾರೆ ಗೆಳೆಯರು. ಎರಡು ಸಲ ಯೋಜನೆ ಹಾಕಿದೆ. ಒಮ್ಮೆ ಟಿಕೆಟ್ಟಿನ ಪುಟದವರೆಗೂ ಹೋದೆ. ಆದರೆ ಪ್ರತಿ ಸಲವೂ, ಹೊಸ ಊರಿಗೆ ಹೊರಡುವಾಗಿನ ಗಡಿಬಿಡಿಯ ಬದಲು, ಗೊತ್ತಿರುವ ಊರಿಗೆ ಮತ್ತೆ ಹೋಗುವಾಗಿನ ಸಮಾಧಾನ ಬರುತ್ತದೆ. ಈ ಸಲ ಆ ಓಣಿಯಲ್ಲಿ ಅವಸರ ಮಾಡಬಾರದು ಎಂದುಕೊಂಡು, ಏನು ಅಂದುಕೊಂಡೆ ಎಂದು ನನಗೇ ಹೊಳೆದು, ಮೊಬೈಲ್ ಮಗುಚಿ ಇಡುತ್ತೇನೆ. ಹೋದೆ ಅಂತಲೇ ಇಟ್ಟುಕೊಳ್ಳಿ. ಆ ಬಾಗಿಲು ಸಿಕ್ಕರೆ, ಅದನ್ನು ಮೊದಲ ಸಲ ನೋಡುತ್ತಿದ್ದೇನೆಯೇ ಎರಡನೆಯ ಸಲವೇ ಎಂದು ನನಗೆ ಹೇಗೆ ತಿಳಿಯಬೇಕು? ಸಿಗದಿದ್ದರೆ, ಬಂದು ಅಮ್ಮನಿಗೆ ಏನು ಹೇಳಬೇಕು?

ಏಕೆಂದರೆ ಇದರಲ್ಲಿ ಕಳೆದುಕೊಳ್ಳುವವನು ನಾನಲ್ಲ. ನನ್ನದು ಬರೀ ತಲೆನೋವು. ಅಮ್ಮನಿಗೆ ಮಗನ ಬದುಕಿನಲ್ಲಿ ದುಡಿತ ಬಿಟ್ಟು ಉಳಿದದ್ದು ಆ ಒಂದು ವಾರ. ಅವನು ಆಸೆಪಟ್ಟದ್ದನ್ನು ಕಂಡು ಹೋದ ಎಂಬ ಒಂದು ಮಾತಿನ ಮೇಲೆ ಅವರು ನಿಂತಿದ್ದಾರೆ. ನಾವು ಹೋಗಲಿಲ್ಲ ಎಂದು ಸ್ಪಷ್ಟಪಡಿಸುವುದು ಸತ್ಯದ ದೃಷ್ಟಿಯಿಂದ ನನ್ನ ಕರ್ತವ್ಯ ಎಂದು ಒಂದು ಕಾಲದಲ್ಲಿ ನನಗೆ ಅನಿಸಿತ್ತು. ಆದರೆ ಅದು ಸತ್ಯವೆಂದು ನನಗೇ ಗೊತ್ತಿಲ್ಲದಿರುವಾಗ ಯಾವ ಬಾಯಿಯಿಂದ ಹೇಳಲಿ? ಹೋಗಿದ್ದೆವು ಎನ್ನಲೂ ನಾಲಿಗೆ ಬರುವುದಿಲ್ಲ. ಹೀಗಾಗಿ ನಾವುಂದಕ್ಕೆ ಹೋದಾಗಲೆಲ್ಲ ನಾನು ಮಾತು ಬದಲಿಸುತ್ತಿದ್ದೆ: ಬಂಗುಡೆ ಬಂತಾ, ತಂಗಿ ಬಂದಿದ್ದಳಾ, ಮಾಡಿನ ಹಂಚು ಸರಿ ಮಾಡಿಸಿದಿರಾ.

ಕಳೆದ ತಿಂಗಳು ಹೋಗಿದ್ದೆ. ಅಮ್ಮ ಜಗುಲಿಯಲ್ಲಿ ಕೂತು ಒಣಮೀನು ಆರಿಸುತ್ತಿದ್ದರು. ಕಣ್ಣು ಮೊದಲಿನಷ್ಟು ಕಾಣುವುದಿಲ್ಲ, ಬೆರಳಿನಲ್ಲೇ ತಿಳಿದುಕೊಳ್ಳುತ್ತಾರೆ. ಈ ಸಲ ಅವರು ನನಗೆ ತಪ್ಪಿಸಿಕೊಳ್ಳಲು ಬಿಡಲಿಲ್ಲ. ನಾನು ಹಂಚಿನ ಮಾತು ಎತ್ತಿದ್ದೇ ಕೈ ನಿಲ್ಲಿಸಿದರು.

"ನೀನ್ ಅಲ್ಲಿನ್ ಸುದ್ದಿ ತೆಗಿಯುದೇ ಇಲ್ಲ. ನಿಂಗ್ ಸಂಕ್ಟ ಆತ್ತ್ ಅಂದ್ ನಾನೂ ಕೇಂತಿಲ್ಲೆ. ಒಂದೇ ಒಂದ್ ಹೇಳ್ ಮಗಾ. ಅವ ಅಲ್ಲಿ ನೆಗಾಡಿದ್ನಾ? ಅವ್ನ್ ಹೊಟ್ಟಿ ಕುಣ್ಸಿ ನೆಗಾಡ್ತಿದ್ನಲೆ, ಹಂಗೆ?"

ನಾನು ಅವರ ಕೈಯಲ್ಲಿದ್ದ ಮೀನನ್ನೇ ನೋಡುತ್ತಿದ್ದೆ. ಕೆಂಪು ಪ್ಲಾಸ್ಟಿಕ್ ಕುರ್ಚಿ, ಅದರ ಜಾರಿದ ಕಾಲು ಕಣ್ಣ ಮುಂದೆ ಬಂತು. ಅದರ ಹಿಂದೆಯೇ, ನಾನು ಕರೆಯದೆಯೇ, ಮೆಟ್ಟಿಲು ಬಂತು, ತಗಡು ಹೊಡೆದ ಬಾಗಿಲು ಬಂತು. ಎರಡು ಕಡೆಯೂ ಗಣಪ ಇದ್ದ. ಎರಡು ಕಡೆಯೂ ಅವನ ಹೊಟ್ಟೆ ಮೊದಲು ಕುಣಿದು, ಆಮೇಲೆ ಕೈ ತೊಡೆಗೆ ಬಿತ್ತು. ಯಾವ ವಾರವನ್ನು ತೆಗೆದು ಹಾಕಿದರೂ ಆ ನಗು ಉಳಿಯುತ್ತದೆ. ನನ್ನ ಬಳಿ ಖಚಿತವಾಗಿ ಇರುವುದು ಅದೊಂದೇ. ಅಮ್ಮ ಕೇಳಿದ್ದೂ ಅದೊಂದನ್ನೇ.

"ನೆಗಾಡಿದ ಅಮ್ಮ. ತೊಡೆ ಬಡ್ಕಂಡ್ ನೆಗಾಡಿದ" ಎಂದೆ.

ಅವರು ತಲೆಯಾಡಿಸಿ ಮತ್ತೆ ಮೀನು ಆರಿಸತೊಡಗಿದರು. ಸ್ವಲ್ಪ ಹೊತ್ತಿನ ಮೇಲೆ, ಶಿರೂರಿನಲ್ಲಿ ಚೀಲ ಹಾಗೇ ಇದೆಯಂತೆ, ಹೋಗುವವನು ಬಂದು ಎತ್ತಬೇಕಲ್ಲದೆ ತಾನು ಮುಟ್ಟುವಂತಿಲ್ಲ ಎಂದು ಸರೋಜ ಹೇಳುತ್ತಿದ್ದಳು ಎಂದರು. ನಾನು ಹೂಂ ಎಂದೆ. ಅದನ್ನು ಎತ್ತಬೇಕಾದವನು ಹೊರಡಲಿರುವವನೋ ಹೋಗಿ ಬಂದವನೋ ಎಂಬುದು ನನಗೆ ಇವತ್ತಿಗೂ ಗೊತ್ತಿಲ್ಲ. ಚೀಲ ಅಲ್ಲೇ ಕಿಟಕಿಯ ಕೆಳಗೆ ಇದೆ. ಎಡಗಡೆಯ ಟೋಪಿಯಲ್ಲಿ ಅಂಗಡಿಯ ಚೀಟಿ ಇನ್ನೂ ನೇತಾಡುತ್ತಿದೆ.